ತೀವ್ರತೆಯೇ ನಷ್ಟವನ್ನು ನಿರ್ಧರಿಸುವಾಗ: ಗಾಳಿಯಲ್ಲಿ ಅತಿಹ್ರಸ್ವ ಲೇಸರ್ ಸ್ಪಂದ

ಗಾಳಿಯಲ್ಲಿ ಬೆಳಕು ಕ್ಷೀಣಿಸುವುದನ್ನು ನಾವು ಒಂದೇ ನಿಯಮದಿಂದ ಬೋಧಿಸುತ್ತೇವೆ: ಪ್ರತಿ ಮೀಟರಿಗೂ ಉಳಿದ ಶಕ್ತಿಯ ಇಂತಿಷ್ಟು ಭಾಗ ಕಳೆಯುತ್ತದೆ. ಟಾರ್ಚ್ ಆಗಲಿ, ಸಾಧಾರಣ ಲೇಸರ್ ಆಗಲಿ, ಆ ಭಾಗ ಬದಲಾಗದು. ಅತಿಹ್ರಸ್ವ ಸ್ಪಂದಕ್ಕೆ ಈ ನಿಯಮ ಸಾಲದು.

1 ಮಿಲಿಜೂಲ್ ಶಕ್ತಿ ಎಂದರೆ ಒಂದು ಗ್ರಾಂ ವಸ್ತುವನ್ನು 10 ಸೆಂಟಿಮೀಟರ್ ಎತ್ತುವಷ್ಟು, ಅಷ್ಟೆ. ಅದನ್ನೇ 100 ಫೆಮ್ಟೊಸೆಕೆಂಡಿನಲ್ಲಿ, ಅಂದರೆ 10⁻¹³ ಸೆಕೆಂಡಿನಲ್ಲಿ ಹೊರಬಿಟ್ಟರೆ ಸಾಮರ್ಥ್ಯ 10 ಗಿಗಾವ್ಯಾಟ್! ಇಷ್ಟು ಪ್ರಬಲ ಬೆಳಕಿನಲ್ಲಿ ಗಾಳಿಯ ವಕ್ರೀಭವನ ಸೂಚ್ಯಂಕವೇ ತುಸು ಏರುತ್ತದೆ. ಕಿರಣದ ನಡುವೆ ತೀವ್ರತೆ ಹೆಚ್ಚಿರುವುದರಿಂದ ಗಾಳಿ ಪೀನ ಮಸೂರದಂತೆ ವರ್ತಿಸಿ ಕಿರಣವನ್ನು ಒಳಕ್ಕೆ ಸೆಳೆಯುತ್ತದೆ.

ಮುಂದಿನದನ್ನು ಕಪ್ಪುಹಲಗೆಯ ಮೇಲೆ ಲೆಕ್ಕದಿಂದಲೇ ತೋರಿಸಬಹುದು. ಆಕ್ಸಿಜನ್ ಅಣುವಿನಿಂದ ಎಲೆಕ್ಟ್ರಾನನ್ನು ಬಿಡಿಸಲು ಸುಮಾರು 12.1 ಎಲೆಕ್ಟ್ರಾನ್ ವೋಲ್ಟ್ ಬೇಕು. 800 ನ್ಯಾನೊಮೀಟರ್ ತರಂಗದೂರದ ಒಂದು ಫೋಟಾನಿನಲ್ಲಿ ಇರುವುದು 1.55 ಮಾತ್ರ. ಏಳು ಸೇರಿದರೆ 10.85, ಸಾಲದು, ಎಂಟಾದರೆ 12.4. ಎಂಟೂ ಒಟ್ಟಿಗೇ ಹೀರಲ್ಪಡಬೇಕು. ಆದ್ದರಿಂದ ಅಯಾನೀಕರಣದ ದರವು ತೀವ್ರತೆಯ ಎಂಟನೆಯ ಘಾತದಂತೆ ಏರುತ್ತದೆ: ತೀವ್ರತೆ ಎರಡು ಪಟ್ಟಾದರೆ ದರ 256 ಪಟ್ಟು.

ದ್ಯುತಿವಿದ್ಯುತ್ ಪರಿಣಾಮ ಕಲಿತ ವಿದ್ಯಾರ್ಥಿ ಇಲ್ಲಿ ಕೈ ಎತ್ತಲೇಬೇಕು. ಹೊಸ್ತಿಲು ಆವೃತ್ತಿಗಿಂತ ಕೆಳಗೆ, ತೀವ್ರತೆ ಎಷ್ಟಿದ್ದರೂ ಎಲೆಕ್ಟ್ರಾನ್ ಹೊರಬರುವುದಿಲ್ಲ ಎಂದಲ್ಲವೇ ನಾವು ಹೇಳಿದ್ದು? ಆ ಮಾತು ಒಂದು ಎಲೆಕ್ಟ್ರಾನಿಗೆ ಒಂದೇ ಫೋಟಾನ್ ಎಂಬ ಸಂದರ್ಭಕ್ಕೆ ಸೀಮಿತ. ಸಾಧಾರಣ ಬೆಳಕಿನಲ್ಲಿ ಎಂಟು ಫೋಟಾನುಗಳು ಒಟ್ಟುಗೂಡುವ ಸಂಭವ ಇಲ್ಲವೆನ್ನುವಷ್ಟು ಕಡಿಮೆ. ಪಠ್ಯದ ನಿಯಮಕ್ಕಿರುವ ಈ ಎಲ್ಲೆಯನ್ನು ಮುಚ್ಚಿಡದೆ ಹೇಳಲು ಹತ್ತು ನಿಮಿಷ ಹೋದರೂ ಚಿಂತೆಯಿಲ್ಲ ಎಂಬುದು ನನ್ನ ಅಭಿಪ್ರಾಯ.

ಬಿಡುಗಡೆಯಾದ ಎಲೆಕ್ಟ್ರಾನುಗಳು ವಕ್ರೀಭವನ ಸೂಚ್ಯಂಕವನ್ನು ಇಳಿಸಿ, ನಿಮ್ನ ಮಸೂರದಂತೆ ಕಿರಣವನ್ನು ಹರಡುತ್ತವೆ. ಒಳಸೆಳೆತ, ಹೊರಹರಡುವಿಕೆಗಳ ನಡುವೆ ಸುಮಾರು 0.1 ಮಿಲಿಮೀಟರ್ ದಪ್ಪದ ಬೆಳಕಿನ ಎಳೆಯೊಂದು ರೂಪುಗೊಳ್ಳುತ್ತದೆ. ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ 1995ರಲ್ಲಿ ಇದನ್ನು ವರದಿ ಮಾಡಿತು. ಎಳೆಯೊಳಗೆ ಶಕ್ತಿ ಕಳೆಯುವುದು ಅಯಾನೀಕರಣದಿಂದ ಮಾತ್ರವಲ್ಲ, ಅಣುಗಳನ್ನು ತಿರುಗಿಸುವುದರಿಂದಲೂ ಹೌದು. ಆದರೂ ಮೀಟರೊಂದಕ್ಕೆ ಆಗುವ ನಷ್ಟ ಅಲ್ಪ. ಕಾರಣ, ಒಟ್ಟು ಶಕ್ತಿಯ ಹೆಚ್ಚಿನ ಪಾಲು ಇರುವುದು ಎಳೆಯ ಸುತ್ತಲಿನ ಮಂದ ಬೆಳಕಿನಲ್ಲಿ. ಅದು ಒಳಗಿನ ಕೊರತೆಯನ್ನು ತುಂಬುತ್ತಿರುತ್ತದೆ. ಎಳೆಯಷ್ಟೇ ದಪ್ಪದ ನೀರಿನ ಹನಿ ಅಡ್ಡಬಂದರೂ ಎಳೆ ಮತ್ತೆ ಕೂಡಿಕೊಳ್ಳುತ್ತದೆ.

ಕಳೆದ ಶಕ್ತಿ ಗಾಳಿಯನ್ನು ಬಿಸಿಮಾಡಿ, ಸಾಂದ್ರತೆ ಕಡಿಮೆಯಿರುವ ದಾರಿಯೊಂದನ್ನು ಬಿಡುತ್ತದೆ. 2021ರಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಟಿಸ್ ಪರ್ವತದ ಮೇಲೆ ಮಿಂಚೊಂದು ಸುಮಾರು 50 ಮೀಟರ್ ಸಾಗಿದ್ದು ಇಂಥ ದಾರಿಯಲ್ಲೇ.

ಕೊನೆಗೆ, ಒಳಸೆಳೆಯುವಷ್ಟು ಸಾಮರ್ಥ್ಯ ಉಳಿಯದಾಗ ಎಳೆ ಬಿಚ್ಚಿಕೊಳ್ಳುತ್ತದೆ. ಬೆಳಕು ಆರುವುದಿಲ್ಲ, ಅಗಲವಾಗಿ ಹರಡುತ್ತಾ, ಮೊದಲು ಹೇಳಿದ ಸಾಧಾರಣ ನಿಯಮದಂತೆಯೇ ಮುಂದೆ ಸಾಗುತ್ತದೆ.