ಮುತ್ಯಾ ಶಿಕಾಗೊಗೆ ಹೊರಡುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಅಮೆರಿಕಕ್ಕೆ ಓದಲು, ದುಡಿಯಲು ಹೋಗುವ ಹುಡುಗರಿಗೆ ಕಾಲೇಜಿನವರೋ ಕಂಪನಿಯವರೋ ಎಲ್ಲ ತಿಳಿಸಿ ಹೇಳುತ್ತಾರೆ. ಮಗಳ ಬಾಣಂತನಕ್ಕೋ ಮೊಮ್ಮಗನ ಜವಳಕ್ಕೋ ಹೊರಡುವ ಮುತ್ಯಾ, ಆಯಿಗೆ ಹೇಳುವವರು ಕಡಿಮೆ. “ನೀವು ಸುಮ್ಮನ ಬರ್ರಿ, ನಾ ಎಲ್ಲಾ ನೋಡ್ಕೋತೀನಿ” ಅಂತ ಮಗ ಫೋನಿನಲ್ಲಿ ಅಂದಿರುತ್ತಾನೆ. ಆದರೆ ವೀಸಾ ಕಿಟಕಿಯ ಮುಂದೆ, ವಿಮಾನ ನಿಲ್ದಾಣದ ಅಧಿಕಾರಿಯ ಮುಂದೆ ಉತ್ತರ ಕೊಡಬೇಕಾದವರು ನೀವೇ.

ಮೊದಲು ಪಾಸ್‌ಪೋರ್ಟ್. ಇದು ಯಾರೋ ದಯಪಾಲಿಸುವ ಚೀಟಿಯಲ್ಲ. ವಿದೇಶಕ್ಕೆ ಹೋಗುವುದು ಸಂವಿಧಾನದ 21ನೇ ವಿಧಿಯ ವ್ಯಕ್ತಿಸ್ವಾತಂತ್ರ್ಯದೊಳಗೇ ಬರುತ್ತದೆ ಎಂದು 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಿರಿಯರಿಗೆ ತೊಡಕಾಗುವುದು ಹುಟ್ಟಿದ ತಾರೀಖು. ನಮ್ಮ ಭಾಗದಲ್ಲಿ ಮಾಸ್ತರರು ದಾಖಲಾತಿ ಪುಸ್ತಕದಲ್ಲಿ ಬರೆದ ಜೂನ್ 1ರಂದೇ ಅರ್ಧ ಊರು ಹುಟ್ಟಿದೆ! ಆ ತಾರೀಖೇ ಎಲ್ಲ ದಾಖಲೆಯಲ್ಲಿದ್ದರೆ ಚಿಂತೆಯಿಲ್ಲ. ಆಧಾರ್‌ನಲ್ಲಿ ಒಂದು, ಪ್ಯಾನ್‌ನಲ್ಲಿ ಇನ್ನೊಂದು ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ಜನನ ಪ್ರಮಾಣಪತ್ರವೇ ಬೇಕೆಂಬ ನಿಯಮ 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದವರಿಗೆ ಮಾತ್ರ. ಹಿರಿಯರಿಗೆ ಶಾಲೆ ಬಿಟ್ಟ ಪ್ರಮಾಣಪತ್ರ, ಪ್ಯಾನ್, ಮತದಾರರ ಗುರುತಿನ ಚೀಟಿ ನಡೆಯುತ್ತವೆ. ಮ್ಯಾಟ್ರಿಕ್ ಪಾಸಾಗಿಲ್ಲ, ಪಾಸ್‌ಪೋರ್ಟಿನ ಮೇಲೆ ಇಸಿಆರ್ (ವಲಸೆ ತಪಾಸಣೆ ಅಗತ್ಯ) ಮುದ್ರೆ ಬೀಳುತ್ತದೆ ಎಂದು ಹೆದರಿಸುವವರಿದ್ದಾರೆ. ಅದು ಕೆಲವೇ ದೇಶಗಳಿಗೆ ದುಡಿಯಲು ಹೋಗುವವರ ಮಾತು. ಅಮೆರಿಕಕ್ಕೆ ಅದರ ಸಂಬಂಧವಿಲ್ಲ, ಐವತ್ತು ದಾಟಿದವರಿಗಂತೂ ವಿನಾಯಿತಿಯೇ ಇದೆ.

ಪಾಸ್‌ಪೋರ್ಟ್ ಅರ್ಜಿಯಲ್ಲಿ ಅಡ್ಡಹೆಸರಿನ ಜಾಗ ಖಾಲಿ ಬಿಡಬೇಡಿ. ಬಿಟ್ಟರೆ ಅಮೆರಿಕದ ವೀಸಾದಲ್ಲಿ ನಿಮ್ಮ ಹೆಸರೇ ಅಡ್ಡಹೆಸರಿನ ಜಾಗಕ್ಕೆ ಹೋಗಿ, ಹೆಸರಿನ ಜಾಗದಲ್ಲಿ ‘ಎಫ್‌ಎನ್‌ಯು’ (ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಕೂರುತ್ತವೆ. ಟಿಕೆಟಿನಿಂದ ಆಸ್ಪತ್ರೆ ಚೀಟಿಯವರೆಗೆ ಅದರ ಕಿರಿಕಿರಿ ತಪ್ಪದು.

ಇನ್ನು ವೀಸಾ. ನೋಡಲು ಹೋಗುವವರಿಗೆ ಬಿ1/ಬಿ2. ಡಿಎಸ್-160 ಅರ್ಜಿ, 185 ಡಾಲರ್ ಶುಲ್ಕ, ಬೆರಳಚ್ಚು, ಸಂದರ್ಶನ. ನಮ್ಮ ಜಿಲ್ಲೆಯವರಿಗೆ ಹೈದರಾಬಾದಿನ ಕಾನ್ಸುಲೇಟ್ ಹತ್ತಿರ. ಮೊದಲು 79 ದಾಟಿದವರಿಗೆ ಸಾಮಾನ್ಯವಾಗಿ ಸಂದರ್ಶನ ಇರುತ್ತಿರಲಿಲ್ಲ, 2025ರ ಸೆಪ್ಟೆಂಬರಿನಿಂದ ಆ ರಿಯಾಯಿತಿ ಹೋಗಿದೆ. ಅರ್ಜಿಯನ್ನು ಸೈಬರ್ ಕೆಫೆಯ ಹುಡುಗ ತುಂಬಿದರೂ ಅದರೊಳಗಿನ ಮಾತಿಗೆ ಹೊಣೆ ನಿಮ್ಮದು. ತುಂಬಿಕೊಟ್ಟವರು ಯಾರು ಎಂಬ ಪ್ರಶ್ನೆಯೂ ಅದರಲ್ಲಿದೆ. ಆದ್ದರಿಂದ ಪ್ರತಿ ಸಾಲನ್ನೂ ಕನ್ನಡದಲ್ಲಿ ಓದಿಸಿ ಕೇಳಿದ ಮೇಲೆಯೇ ಒಪ್ಪಿಗೆ ಕೊಡಿ.

ಅಮೆರಿಕದ ವಲಸೆ ಕಾಯ್ದೆಯ 214(ಬಿ) ಕಲಮು ಸಂದರ್ಶನದ ತಿರುಳು. ಅರ್ಜಿದಾರ ಅಲ್ಲೇ ಉಳಿದುಬಿಡುತ್ತಾನೆ ಎಂದೇ ಅಧಿಕಾರಿ ಎಣಿಸಬೇಕು, ಅಲ್ಲವೆಂದು ತೋರಿಸುವ ಭಾರ ನಿಮ್ಮ ಮೇಲೆ. ಹೊಲ, ಪಿಂಚಣಿ, ಇಲ್ಲಿರುವ ಇನ್ನೊಬ್ಬ ಮಗ, ತಿರುಗಿ ಬರುವ ತಿಂಗಳು: ಇವನ್ನು ಎರಡು ಮಾತಿನಲ್ಲಿ ಹೇಳಿದರೆ ಸಾಕು. ಪಹಣಿಯ ಕಟ್ಟು ಜೊತೆಗಿರಲಿ, ಕೇಳಿದರೆ ಕೊಡಿ. ಬಾಣಂತನಕ್ಕೆ ಹೊರಟವರಿಗೆ “ಊರು ನೋಡಲು ಹೋಗುತ್ತೇನೆ ಅನ್ನಿ” ಎಂದು ಕಲಿಸುವ ಏಜೆಂಟರಿದ್ದಾರೆ. ಕಲಿಯಬೇಡಿ. ಮಗಳು ಹಡೆಯುತ್ತಿದ್ದಾಳೆ, ಜೊತೆಗಿರಲು ಹೊರಟಿದ್ದೇನೆ ಎಂಬುದು ನಾಚುವ ಮಾತಲ್ಲ. ವೀಸಾ ನಿರಾಕರಿಸಿದರೆ ಮತ್ತೆ ಅರ್ಜಿ ಹಾಕಬಹುದು, ಶುಲ್ಕವಷ್ಟೇ ಮರಳದು. ಸುಳ್ಳು ದಾಖಲೆ ಕೊಟ್ಟು ಸಿಕ್ಕಿಬಿದ್ದರೆ ಆ ದೇಶದ ಬಾಗಿಲು ಜೀವಮಾನಕ್ಕೇ ಮುಚ್ಚಬಹುದು.

ಇನ್ನು ಬುತ್ತಿಯ ಗಂಟು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಸಾಲೆ ಪುಡಿ, ಉಪ್ಪಿನಕಾಯಿಗೆ ಸಾಮಾನ್ಯವಾಗಿ ತಕರಾರಿಲ್ಲ. ಇಂಡಿಯ ಲಿಂಬೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ ಎಂಬ ಹೆಮ್ಮೆಗೆ ನಾಲ್ಕು ಹಣ್ಣು ಚೀಲಕ್ಕೆ ಹಾಕಿಕೊಂಡಿರೋ, ಕಷ್ಟ. ತಾಜಾ ಹಣ್ಣು ಒಳಗೆ ಬಿಡುವುದಿಲ್ಲ. ಕರಿಬೇವಂತೂ ಇನ್ನೂ ಕಟ್ಟುನಿಟ್ಟು. ಲಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ಗ್ರೀನಿಂಗ್ ರೋಗವನ್ನು ಹರಡುವ ಸಣ್ಣ ಜಿಗಿಹುಳು ಕರಿಬೇವಿನ ಗಿಡದಲ್ಲೂ ಬೆಳೆಯುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿನ ಕಿತ್ತಳೆ ತೋಟಗಳನ್ನು ಹಾಳುಗೆಡವಿದೆ. ಲಿಂಬೆ ಬೆಳೆಯುವ ಇಂಡಿಯವರಿಗೆ ಈ ಕಾನೂನಿನ ಕಾಳಜಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ತಿನ್ನುವ ವಸ್ತು ಏನಿದ್ದರೂ ಇದೆ ಎಂದೇ ಘೋಷಿಸಿ. ಹೇಳಿದರೆ ಹೆಚ್ಚೆಂದರೆ ಕಿತ್ತುಕೊಂಡು ಎಸೆಯುತ್ತಾರೆ, ಮುಚ್ಚಿಟ್ಟರೆ ಮೊದಲ ಸಲಕ್ಕೇ 1,000 ಡಾಲರ್‌ವರೆಗೆ ದಂಡ ಬೀಳಬಹುದು. ಗಸಗಸೆಯನ್ನು ಮನೆಯಲ್ಲೇ ಬಿಡಿ. ದುಬೈ, ಅಬುಧಾಬಿ ದಾರಿಯಾಗಿ ಹೋಗುವವರಿಗೆ ಅದು ಅಡುಗೆಯ ಸಾಮಾನಲ್ಲ, ಮಾದಕವಸ್ತುವಿನ ಕೇಸು.

ಮೈಮೇಲೆ ಹೆಚ್ಚು ಬಂಗಾರವಿದ್ದರೆ ಹೊರಡುವಾಗಲೇ ನಮ್ಮ ಕಸ್ಟಮ್ಸ್‌ನವರಿಂದ ಪ್ರಮಾಣಪತ್ರ ಮಾಡಿಸಿಕೊಳ್ಳಿ. ತಿರುಗಿ ಬರುವಾಗ ಅದು ನಿಮ್ಮ ಹಳೆಯ ಒಡವೆಯೇ ಎಂಬುದಕ್ಕೆ ಬೇರೆ ಸಾಕ್ಷಿ ಎಲ್ಲಿ ಹುಡುಕುತ್ತೀರಿ?

ಅಲ್ಲಿ ಇಳಿದ ಮೇಲೆ ನೆನಪಿಡಬೇಕಾದ ತಾರೀಖು ಐ-94 ಎಂಬ ಪ್ರವೇಶ ದಾಖಲೆಯದು. ವೀಸಾ ಹತ್ತು ವರ್ಷದ್ದಿರಬಹುದು, ಒಂದು ಭೇಟಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಅದನ್ನು ಮೀರಿ 180 ದಿನಕ್ಕಿಂತ ಹೆಚ್ಚು ಉಳಿದು ಹೊರಬಂದರೆ ಮೂರು ವರ್ಷ, ವರ್ಷ ದಾಟಿದರೆ ಹತ್ತು ವರ್ಷ ಪ್ರವೇಶವಿಲ್ಲ. ಪರಿಚಯದವರ ಅಂಗಡಿಯಲ್ಲಿ ಸಂಬಳಕ್ಕೆ ನಿಂತರೂ ವೀಸಾ ನಿಯಮ ಮುರಿದಂತೆಯೇ. ಐ-94ರ ಪ್ರತಿಯೊಂದು ಸದಾ ಜೇಬಿನಲ್ಲಿರಲಿ, ಹಾಗೆ ಇಟ್ಟುಕೊಳ್ಳಬೇಕೆಂಬುದೂ ಅಲ್ಲಿನ ಕಾನೂನೇ.

ಬೀದಿಯ ರೀತಿಗೆ ಬಂದರೆ, ಒಂದು ನಡೆದ ಸಂಗತಿ ಹೇಳಲೇಬೇಕು. 2015ರ ಫೆಬ್ರವರಿಯಲ್ಲಿ ಅಲಬಾಮಾ ರಾಜ್ಯದ ಮ್ಯಾಡಿಸನ್ ಊರಿನಲ್ಲಿ, ಗುಜರಾತಿನಿಂದ ಮಗನ ಮನೆಗೆ ಬಂದಿದ್ದ 57 ವರ್ಷದ ಅಜ್ಜ ಬೆಳಗ್ಗೆ ಕಾಲಾಡಲು ಹೊರಟರು. ಯಾರೋ ಅಪರಿಚಿತ ಮನೆಗಳತ್ತ ನೋಡುತ್ತಿದ್ದಾನೆಂದು ಒಬ್ಬರು ಪೊಲೀಸರಿಗೆ ಫೋನ್ ಮಾಡಿದರು. ಅಜ್ಜನಿಗೆ ಇಂಗ್ಲಿಷ್ ಬಾರದು. ಪೊಲೀಸನೊಬ್ಬ ಅವರನ್ನು ನೆಲಕ್ಕೆ ಕೆಡವಿದ, ಕುತ್ತಿಗೆಗೆ ಪೆಟ್ಟಾಗಿ ಅಂಗಾಂಗ ಸ್ವಾಧೀನ ತಪ್ಪಿತು. ಪೊಲೀಸನ ಮೇಲಿನ ಕ್ರಿಮಿನಲ್ ಕೇಸು ನಿಲ್ಲಲಿಲ್ಲ. ಸಿವಿಲ್ ದಾವೆ 2021ರಲ್ಲಿ 17.5 ಲಕ್ಷ ಡಾಲರ್ ಪರಿಹಾರದೊಂದಿಗೆ ಇತ್ಯರ್ಥವಾಯಿತು. ತಪ್ಪು ಅಜ್ಜನದಲ್ಲ. ಆದರೂ ಮಗನ ವಿಳಾಸ, ಫೋನ್ ನಂಬರ್, ‘ನನಗೆ ಕನ್ನಡ ಮಾತ್ರ ಬರುತ್ತದೆ’ ಎಂಬ ಸಾಲನ್ನು ಇಂಗ್ಲಿಷಿನಲ್ಲಿ ಬರೆದ ಕಾರ್ಡನ್ನು ಕೊರಳಿಗೇ ಹಾಕಿಕೊಂಡು ವಾಕಿಂಗ್ ಹೋಗಿ. ಪೊಲೀಸರು ಎದುರಿದ್ದಾಗ ಜೇಬಿಗೆ ಕೈ ಹಾಕಬೇಡಿ.

ಕಾರು ನಿಲ್ಲಿಸಿದಾಗ ಇಳಿದು ಹೋಗಿ ಸಾಹೇಬರಿಗೆ ಕೈಮುಗಿಯುವುದು ನಮ್ಮಲ್ಲಿ ಮರ್ಯಾದೆ. ಅಲ್ಲಿ ಅದೇ ಅಪಾಯ. ಕುಳಿತಲ್ಲೇ ಕುಳಿತು, ಕೈ ಕಾಣುವಂತೆ ಇಟ್ಟುಕೊಳ್ಳಿ. ನೋಟು ಚಾಚಿದರೆ ಲಂಚದ ಕೇಸು. ಅರ್ಥವಾಗದ ಪ್ರಶ್ನೆಗೆ ತಲೆಯಾಡಿಸಬೇಡಿ. ಸುಮ್ಮನಿರುವ ಹಕ್ಕು, ನ್ಯಾಯಾಧೀಶರ ವಾರಂಟ್ ಇಲ್ಲದೆ ಮನೆ ಶೋಧಕ್ಕೆ ಒಪ್ಪದಿರುವ ಹಕ್ಕು ಪ್ರವಾಸಿಗೂ ಉಂಟು. ಬಂಧಿಸಿದರೆ ಭಾರತದ ಕಾನ್ಸುಲೇಟಿಗೆ ತಿಳಿಸಿ ಎಂದು ಕೇಳಬಹುದು, 1963ರ ವಿಯೆನ್ನಾ ಒಪ್ಪಂದ ಕೊಟ್ಟ ಹಕ್ಕಿದು. ಶಿಕಾಗೊದಲ್ಲೇ ನಮ್ಮ ಕಾನ್ಸುಲೇಟ್ ಇದೆ.

ಮೊಮ್ಮಗನನ್ನು ಕಾರಿನಲ್ಲಿ ಬಿಟ್ಟು ಅಂಗಡಿಗೆ ಹೋಗುವುದು, ಸಿಟ್ಟಿನಲ್ಲಿ ಕಪಾಳಕ್ಕೆ ಕೊಡುವುದು ನೆರೆಯವರ ಕಣ್ಣಿಗೆ ಬಿದ್ದರೆ ಮಕ್ಕಳ ರಕ್ಷಣಾ ಇಲಾಖೆ ಬಾಗಿಲು ತಟ್ಟಬಹುದು. ಬೇರೆಯವರ ಕೂಸನ್ನು ಎತ್ತಿ ಮುದ್ದಾಡುವ ಮುಂಚೆ ತಾಯಿಯನ್ನು ಕೇಳಿ. ತಂಬಾಕು ಉಗುಳುವುದು ಊರಲ್ಲೇ ಮುಗಿಯಲಿ. ಗಾಂಜಾ ಬೆರೆಸಿದ ಚಾಕಲೇಟು ಶಿಕಾಗೊದ ಅಂಗಡಿಯಲ್ಲಿ ರಾಜ್ಯದ ಕಾನೂನಿನಂತೆ ಸಿಗುತ್ತದೆ, ಕೇಂದ್ರದ ಕಾನೂನಿಗೆ ಅದು ಅಪರಾಧ. ವೀಸಾ ಕೊಟ್ಟವರು ಕೇಂದ್ರದವರು ಎಂಬುದು ನೆನಪಿರಲಿ. ಹೋಟೆಲಿನಲ್ಲಿ ಬಡಿಸಿದವರಿಗೆ ಬಿಲ್ಲಿನ ಶೇಕಡ 15ರಿಂದ 20 ಟಿಪ್ಸ್ ವಾಡಿಕೆ.

ಆರೋಗ್ಯ ವಿಮೆಯಿಲ್ಲದೆ ಹೊರಡಬೇಡಿ. ಜೀವಕ್ಕೆ ಅಪಾಯವಾದಾಗ 911ಕ್ಕೆ ಫೋನ್ ಮಾಡಿ. ಹಣವಿಲ್ಲವೆಂದು ತುರ್ತು ವಿಭಾಗದಿಂದ ತಿರುಗಿ ಕಳಿಸುವಂತಿಲ್ಲ ಎಂದು 1986ರ ಕಾಯ್ದೆ ಹೇಳುತ್ತದೆ, ಬಿಲ್ಲು ಮಾತ್ರ ಆಮೇಲೆ ಬಂದೇ ಬರುತ್ತದೆ. ಸರ್ಕಾರದ ನೆರವು ಪಡೆಯುವ ಆಸ್ಪತ್ರೆಯಲ್ಲಿ ದುಭಾಷಿಯನ್ನು ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ.

ಮೋಸ ಹೆಚ್ಚಾಗಿ ನಡೆಯುವುದು ಅಲ್ಲಲ್ಲ, ಇಲ್ಲಿ. ವೀಸಾ ಗ್ಯಾರಂಟಿ ಎನ್ನುವವನು ಸುಳ್ಳು ಹೇಳುತ್ತಿದ್ದಾನೆ, ಆ ಗ್ಯಾರಂಟಿ ಕೊಡುವ ಅಧಿಕಾರ ಯಾವ ಏಜೆಂಟನಿಗೂ ಇಲ್ಲ. ಬಾಕಿ ಹಣಕ್ಕಾಗಿ ಪಾಸ್‌ಪೋರ್ಟ್ ಒತ್ತೆ ಇಟ್ಟುಕೊಳ್ಳುವಂತೆಯೂ ಇಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಅದು ಕೇಂದ್ರ ಸರ್ಕಾರದ ಸ್ವತ್ತು. ರಸೀದಿ, ಫೋನ್‌ಪೇ ದಾಖಲೆ, ವಾಟ್ಸಾಪ್ ಮಾತುಕತೆ ಅಳಿಸದೆ ಇಟ್ಟುಕೊಳ್ಳಿ. ಸೇವೆಯಲ್ಲಿ ಕೊರತೆಯಾಗಿದ್ದರೆ ಜಿಲ್ಲಾ ಗ್ರಾಹಕರ ಆಯೋಗ, ವಂಚನೆಯಾಗಿದ್ದರೆ ಪೊಲೀಸ್ ಠಾಣೆ. ನಾಲ್ಕೂ ತಾಲ್ಲೂಕು ಕೇಂದ್ರಗಳ ನ್ಯಾಯಾಲಯದಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿಯಿದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಕೋರ್ಟಿನವರೆಗೆ ಹೋಗಲಾಗದವರು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಬಹುದು.