ಪೆಟ್ಟಿಗೆಯಿಲ್ಲದ ಸ್ಪೀಕರು ದನಿಗುಂದುವುದೇಕೆ?

ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಾಸವಾಗಿರುವ ನಮ್ಮ ವಿದ್ಯಾರ್ಥಿಗಳಿಬ್ಬರು ಬೇಸಿಗೆಯ ರಜದಲ್ಲಿ ಆರ್ಕೇಡ್ ಆಟದ ಪೆಟ್ಟಿಗೆಯೊಂದನ್ನು ಮನೆಯಲ್ಲಿಯೇ ಕಟ್ಟತೊಡಗಿದರು. ನಿಂತು ಆಡುವಷ್ಟು ಎತ್ತರದ ಪ್ಲೈವುಡ್ ಕಪಾಟು, ಒಳಗೊಂದು ಹಳೆಯ ಕಂಪ್ಯೂಟರು, ಎದುರಿಗೆ ಪರದೆ, ಕೈಗೆ ನಿಲುಕುವಂತೆ ಗುಂಡಿಗಳು ಮತ್ತು ಹಿಡಿಕೆ: ಇಷ್ಟೇ ಅದರ ರಚನೆ. ಧ್ವನಿಗಾಗಿ ಅವರು ಮೇಜಿನ ಮೇಲಿದ್ದ ಕಂಪ್ಯೂಟರ್ ಸ್ಪೀಕರುಗಳ ಜೊತೆಯನ್ನು ಬಿಚ್ಚಿ, ಪ್ಲಾಸ್ಟಿಕ್ ಕವಚಗಳನ್ನು ಎಸೆದು, ಒಳಗಿನ ಸ್ಪೀಕರುಗಳನ್ನು ಮಾತ್ರ ಕಪಾಟಿನಲ್ಲಿ ತೂಗುಹಾಕಿದರು. ಅವು ನುಡಿದುವೇನೋ ನಿಜ. ಆದರೆ ಸೊಳ್ಳೆಯ ಗುಂಯ್‌ಗುಟ್ಟುವಿಕೆಯಂತೆ ನುಡಿದುವು. ಬಿಚ್ಚುವಾಗ ಕೆಟ್ಟುಹೋದುವೆಂದು ಬಗೆದು, ಹುಡುಗರು ಹೊಸದನ್ನು ಕೊಳ್ಳಲು ಹಣ ಹೊಂದಿಸುತ್ತಿದ್ದರು. ವಾಸ್ತವವಾಗಿ ಏನೂ ಕೆಟ್ಟಿರಲಿಲ್ಲ. ಅವರು ಎಸೆದ ಕವಚವು ಸ್ಪೀಕರಿನ ಕೆಲಸದಲ್ಲಿ ಅರ್ಧವನ್ನು ಮಾಡುತ್ತಿದ್ದಿತು. ಅದು ಹೇಗೆಂಬುದನ್ನು ಈಗ ವಿಚಾರಮಾಡೋಣ.

ಬಿಚ್ಚುವ ಮುನ್ನ

ಮೊದಲಿಗೆ ಒಂದು ಎಚ್ಚರಿಕೆ. ಗೋಡೆಯ ಪ್ಲಗ್ಗಿನಿಂದ ತಂತಿಯು ನೇರವಾಗಿ ಸ್ಪೀಕರಿನ ಕವಚದೊಳಕ್ಕೆ ಹೋಗುವುದಾದರೆ, ೨೩೦ ವೋಲ್ಟುಗಳ ವಿದ್ಯುತ್ತು ಅಲ್ಲಿಯವರೆಗೂ ಬರುತ್ತದೆಂದು ತಿಳಿಯಬೇಕು. ಪ್ಲಗ್ಗನ್ನು ಕಿತ್ತ ಮೇಲೂ ಒಳಗಿನ ಕೆಪಾಸಿಟರುಗಳಲ್ಲಿ ವಿದ್ಯುತ್ತು ಕೆಲಕಾಲ ಉಳಿದಿರಬಹುದು. ಇಂತಹುದನ್ನು ಬಲ್ಲವರ ನೆರವಿಲ್ಲದೆ ಬಿಚ್ಚತಕ್ಕದ್ದಲ್ಲ. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಯಿಂದ ೫ ವೋಲ್ಟುಗಳನ್ನು ಪಡೆಯುವ ಸ್ಪೀಕರುಗಳೇ ವಿದ್ಯಾರ್ಥಿಗಳಿಗೆ ತಕ್ಕವು. ನಮ್ಮ ಹುಡುಗರು ಬಿಚ್ಚಿದ್ದೂ ಅಂತಹವನ್ನೇ.

ಒಳಗಿರುವುದೇನು?

ಸ್ಪೀಕರಿನ ಮುಖದಲ್ಲಿ ಕಾಗದದ ಒಂದು ಶಂಕುವಿದೆ. ಅದರ ಹಿಂತುದಿಗೆ ಸಣ್ಣ ತಂತಿಯ ಸುರುಳಿಯನ್ನು ಅಂಟಿಸಿರುತ್ತದೆ. ಈ ಸುರುಳಿಯು ಬಲವಾದ ಅಯಸ್ಕಾಂತದ ಕಿರಿದಾದ ಸಂದಿನಲ್ಲಿ ತೇಲಿಕೊಂಡಿರುತ್ತದೆ. ಸುರುಳಿಯಲ್ಲಿ ವಿದ್ಯುತ್ತು ಒಂದು ದಿಕ್ಕಿಗೆ ಹರಿದಾಗ ಶಂಕುವು ಮುಂದಕ್ಕೆ ತಳ್ಳಲ್ಪಡುತ್ತದೆ. ದಿಕ್ಕು ತಿರುಗಿದಾಗ ಹಿಂದಕ್ಕೆ ಸರಿಯುತ್ತದೆ. ೧೯೨೫ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಎಂಜಿನಿಯರುಗಳು ಪ್ರಕಟಿಸಿದ ರಚನೆಯೇ ಮೂಲತಃ ಇಂದಿಗೂ ಬಳಕೆಯಲ್ಲಿದೆ.

ಅದಾದ ಹತ್ತು ವರ್ಷಗಳಿಗೆ, ೧೯೩೫ರಲ್ಲಿ, ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರವನ್ನು ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಹುಟ್ಟಿದ್ದು ಅಲ್ಲಿಯೇ. ಅಂದಿನ ರೇಡಿಯೊಗಳನ್ನು ನೋಡಿರುವವರಿಗೆ ಅವುಗಳ ದೊಡ್ಡ ಮರದ ಪೆಟ್ಟಿಗೆ ನೆನಪಿರುತ್ತದೆ. ಆ ಮರವು ಅಲಂಕಾರಕ್ಕಾಗಿ ಮಾತ್ರ ಇದ್ದುದಲ್ಲ.

ಒಂದು ಶಂಕು, ಎರಡು ಅಲೆ

ಶಂಕುವು ಮುಂದಕ್ಕೆ ಸರಿದಾಗ ಎದುರಿನ ಗಾಳಿ ಒತ್ತಲ್ಪಡುತ್ತದೆ. ಅದೇ ಕ್ಷಣದಲ್ಲಿ ಹಿಂಬದಿಯ ಗಾಳಿ ವಿರಳವಾಗುತ್ತದೆ. ಹೀಗೆ ಒಂದೇ ಶಂಕುವಿನಿಂದ ಪರಸ್ಪರ ವಿರುದ್ಧವಾದ ಎರಡು ಅಲೆಗಳು ಹೊರಡುತ್ತವೆ. ಹಿಂಬದಿಯ ಅಲೆಯು ಅಂಚನ್ನು ಬಳಸಿ ಮುಂದಕ್ಕೆ ಬಂದು ಮುಂದಿನ ಅಲೆಯೊಡನೆ ಕೂಡಿದರೆ, ಒಂದರ ಒತ್ತನ್ನು ಇನ್ನೊಂದರ ವಿರಳತೆ ತುಂಬಿಬಿಡುತ್ತದೆ. ಶಬ್ದವೇ ಶಬ್ದವನ್ನು ನುಂಗಿದಂತಾಗುತ್ತದೆ.

ಇದನ್ನು ಕೋಣೆಯಲ್ಲಿ ಪರೀಕ್ಷಿಸಿದರೆ ಗೋಡೆಗಳಿಂದ ಮರಳುವ ಶಬ್ದವು ಗೊಂದಲವನ್ನುಂಟುಮಾಡುತ್ತದೆ. ಗೋಡೆಗಳಿಲ್ಲದ ಸ್ಥಳ ಬೇಕು. ಆದುದರಿಂದ ಒಂದು ಮುಂಜಾನೆ, ಗಾಳಿ ಏಳುವ ಮೊದಲೇ, ನಾವು ಹುಡುಗರೊಡನೆ ಬೆಟ್ಟವನ್ನು ಹತ್ತಿ, ಭಕ್ತರಿಗೆ ತೊಂದರೆಯಾಗದಂತೆ ದೇವಾಲಯದಿಂದಲೂ ನಂದಿಯಿಂದಲೂ ದೂರವಾದ ಬಯಲೊಂದರಲ್ಲಿ ನಿಂತೆವು. ಮೊಬೈಲ್ ಫೋನಿನಿಂದ ೧೭೦ ಹರ್ಟ್ಸ್ ಆವೃತ್ತಿಯ ಸ್ವರವನ್ನು ಮೆಲ್ಲಗೆ ನುಡಿಸಿ, ಬರಿಯ ಸ್ಪೀಕರನ್ನು ಎದೆಯ ಮಟ್ಟದಲ್ಲಿ ಹಿಡಿದೆವು. ನಾಲ್ಕು ಮಾರು ದೂರದಲ್ಲಿ ಅದು ಕೇಳಿಸಿತೋ ಇಲ್ಲವೋ ಎಂಬಂತಿತ್ತು. ಬಳಿಕ ೬೦ ಸೆಂಟಿಮೀಟರ್ ಅಗಲ ಮತ್ತು ಅಷ್ಟೇ ಉದ್ದದ ಪ್ಲೈವುಡ್ ಹಲಗೆಯಲ್ಲಿ ಕೊರೆದಿದ್ದ ರಂಧ್ರಕ್ಕೆ ಅದೇ ಸ್ಪೀಕರನ್ನು ಅದುಮಿದೆವು. ಸ್ವರವು ಒಮ್ಮೆಲೇ ತುಂಬಿ ಬಂದಿತು. ಹಲಗೆಯನ್ನು ಸರಿಸಿದರೆ ಮತ್ತೆ ಕುಗ್ಗಿತು. ಫೋನಿನಲ್ಲಿ ಯಾವುದನ್ನೂ ಬದಲಿಸಿರಲಿಲ್ಲ.

ಲೆಕ್ಕವೇನು ಹೇಳುತ್ತದೆ?

ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಆದುದರಿಂದ ೧೭೦ ಹರ್ಟ್ಸ್ ಸ್ವರದ ಅಲೆಯುದ್ದ ೨ ಮೀಟರು. ನಮ್ಮ ಸ್ಪೀಕರಿನ ವ್ಯಾಸ ಏಳೂವರೆ ಸೆಂಟಿಮೀಟರು. ಹಿಂದಿನ ಅಲೆಯು ಬಳಸಿಬರುವ ಹಾದಿ ಸುಮಾರು ೧೦ ಸೆಂಟಿಮೀಟರು. ಇದು ಅಲೆಯುದ್ದದ ಇಪ್ಪತ್ತನೆಯ ಒಂದು ಭಾಗ, ಎಂದರೆ ೧೮ ಡಿಗ್ರಿಗಳ ವಿಳಂಬ. ವಿರುದ್ಧವಾದ ಎರಡು ಸಮ ಅಲೆಗಳು ಕೂಡಿದಾಗ ಉಳಿಯುವ ಒತ್ತಡವನ್ನು ತಿಳಿಯಲು, ವಿಳಂಬದ ಅರ್ಧಕೋನದ ಸೈನನ್ನು ಎರಡರಿಂದ ಗುಣಿಸಬೇಕು. ೯ ಡಿಗ್ರಿಯ ಸೈನು ೦.೧೫೬. ಹಾಗಾಗಿ ಒಂದೇ ಅಲೆ ಇದ್ದಿದ್ದರೆ ಸಿಗುತ್ತಿದ್ದ ಒತ್ತಡದಲ್ಲಿ ೦.೩೧ರಷ್ಟು ಮಾತ್ರ ನಮಗೆ ಉಳಿಯುತ್ತದೆ.

ಹಲಗೆಯಿದ್ದಾಗ ಬಳಸುಹಾದಿ ಸುಮಾರು ೬೦ ಸೆಂಟಿಮೀಟರು, ವಿಳಂಬ ೧೦೮ ಡಿಗ್ರಿ. ೫೪ ಡಿಗ್ರಿಯ ಸೈನಿನ ಇಮ್ಮಡಿ ೧.೬೨. ಕೇವಲ ಒಂದು ಹಲಗೆಯಿಂದ ಒತ್ತಡವು ಐದು ಪಟ್ಟಾಯಿತು! ಇನ್ನು ೧೭೦೦ ಹರ್ಟ್ಸಿನ ಕೀಚಲು ಸ್ವರಕ್ಕೆ ೧೦ ಸೆಂಟಿಮೀಟರೇ ಅಲೆಯುದ್ದದ ಅರ್ಧ. ಅಲ್ಲಿ ಹಿಂದಿನ ಅಲೆಯು ಮುಂದಿನದಕ್ಕೆ ಹೊಂದಿಕೊಂಡೇ ಬರುತ್ತದೆ. ಆದುದರಿಂದಲೇ ಬರಿಯ ಸ್ಪೀಕರಿನಲ್ಲಿ ಮಂದ್ರಸ್ವರಗಳು ಸತ್ತು, ಕೀಚಲು ದನಿ ಮಾತ್ರ ಬದುಕಿ ಉಳಿಯುತ್ತದೆ.

ಕಪಾಟಿನಲ್ಲಿ ಕೂರಿಸುವ ಬಗೆ

ಹಿಂದಿನ ಅಲೆಗೆ ಹೊರಬರುವ ದಾರಿಯನ್ನೇ ಮುಚ್ಚಿಬಿಡುವುದು ಇನ್ನೂ ಉತ್ತಮ. ಆದರೆ ಕಂಪ್ಯೂಟರಿನ ಕಾವು ಹೊರಹೋಗಲು ಕಪಾಟಿಗೆ ಕಿಂಡಿಗಳು ಬೇಕೇ ಬೇಕು. ಕಪಾಟನ್ನು ಪೂರ್ತಿ ಮುಚ್ಚುವಂತಿಲ್ಲ. ಹೀಗಾಗಿ ಸ್ಪೀಕರುಗಳನ್ನು ಪರದೆಯ ಮೇಲಣ ಹಲಗೆಯಲ್ಲಿ ಕೂರಿಸಿ, ಒಂದೊಂದರ ಬೆನ್ನಿಗೂ ಪ್ರತ್ಯೇಕವಾದ ಪುಟ್ಟ ಮರದ ಪೆಟ್ಟಿಗೆಯನ್ನು ಬಿಗಿಯಬೇಕು. ಅಂಚಿನಲ್ಲಿ ಗಾಳಿ ಸೋರದಂತೆ ಸ್ಪಂಜಿನ ಪಟ್ಟಿಯನ್ನಿಡಬೇಕು. ಪೆಟ್ಟಿಗೆ ತೀರ ಚಿಕ್ಕದಾದರೆ ಒಳಗಿನ ಗಾಳಿಯು ಬಿಗಿಯಾದ ಸ್ಪ್ರಿಂಗಿನಂತೆ ಶಂಕುವನ್ನು ತಡೆಯುತ್ತದೆ. ಮೂಲ ಕವಚದಲ್ಲಿದ್ದಷ್ಟಾದರೂ ಸ್ಥಳವಿರಲಿ.

ಎರಡು ಸ್ಪೀಕರುಗಳ ತಂತಿಗಳನ್ನು ಅದಲುಬದಲಾಗಿ ಜೋಡಿಸಿದರೂ ಮಂದ್ರಸ್ವರ ಕುಂದುತ್ತದೆ. ಆಗ ಒಂದು ಶಂಕು ಮುಂದೆ ಹೋದರೆ ಇನ್ನೊಂದು ಹಿಂದೆ ಸರಿಯುತ್ತದೆ. ವರ್ಧಕದಿಂದ ತಂತಿಗಳನ್ನು ಬಿಡಿಸಿ, ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಒಂದೊಂದಕ್ಕೂ ಕ್ಷಣಮಾತ್ರ ಸೋಕಿಸಿ ನೋಡಿರಿ. ಸೆಲ್ಲಿನ ಧನ ತುದಿ ಯಾವ ತಂತಿಗೆ ತಾಗಿದಾಗ ಶಂಕು ಮುಂದಕ್ಕೆ ಬರುವುದೋ ಅದನ್ನು ಗುರುತು ಮಾಡಿಕೊಳ್ಳತಕ್ಕದ್ದು. ಹಳೆಯ ಚಿತ್ರನಳಿಕೆಯ ಪರದೆಯನ್ನು ಬಳಸುವವರು ಮತ್ತೊಂದು ವಿಷಯವನ್ನು ಗಮನಿಸಬೇಕು: ಸ್ಪೀಕರಿನ ಅಯಸ್ಕಾಂತವು ಸಮೀಪದಲ್ಲಿದ್ದರೆ ಚಿತ್ರದ ಬಣ್ಣಗಳು ಕಲಸಿಹೋಗುತ್ತವೆ. ಚಪ್ಪಟೆ ಪರದೆಗಳಿಗೆ ಈ ಬಾಧೆಯಿಲ್ಲ.

ಹುಡುಗರು ಹೀಗೆಯೇ ಮಾಡಿದರು. ಜಪಾನಿನಲ್ಲಿ ೧೯೭೮ರಲ್ಲಿ ಹೊರಬಂದ 'ಸ್ಪೇಸ್ ಇನ್ವೇಡರ್ಸ್' ಎಂಬ ಆಟದಲ್ಲಿ ನಾಲ್ಕು ಮಂದ್ರಸ್ವರಗಳು ಎದೆಬಡಿತದಂತೆ ಮರುಕಳಿಸುತ್ತಿರುತ್ತವೆ; ಶತ್ರುಗಳ ಸಂಖ್ಯೆ ಇಳಿದಂತೆ ಅವುಗಳ ವೇಗ ಏರುತ್ತದೆ. ಆಟದ ಆತಂಕವೆಲ್ಲ ಆ ಬಡಿತದಲ್ಲಿದೆ. ಮೊದಲು ಕೇಳಿಸದಿದ್ದ ಆ ನಾಲ್ಕು ಸ್ವರಗಳು ಈಗ ಅದೇ ಹಳೆಯ ಸ್ಪೀಕರುಗಳಿಂದ ಸ್ಪಷ್ಟವಾಗಿ ಕೇಳಿಬರುತ್ತಿವೆ. ಹೊಂದಿಸಿದ್ದ ಹಣವೂ ಉಳಿಯಿತು.

ವಾಚಕರಿಗೊಂದು ಲೆಕ್ಕ: ೮೫ ಹರ್ಟ್ಸಿನ ಸ್ವರಕ್ಕೆ ಹಲಗೆಯಿಲ್ಲದಾಗ ಎಷ್ಟು ಒತ್ತಡ ಉಳಿದೀತು? ಅದಕ್ಕೆ ೬೦ ಸೆಂಟಿಮೀಟರಿನ ಹಲಗೆ ಸಾಕಾದೀತೇ? ಮೊದಲು ಲೆಕ್ಕ ಹಾಕಿರಿ. ಅನಂತರ ಹತ್ತಿರದ ಬಯಲಿಗೆ ಹೋಗಿ ಕಿವಿಗೊಟ್ಟು ಕೇಳಿರಿ.