ಸುಗ್ಗಿಯ ಮೊದಲನೆಯ ತೆನೆ

ಕ್ರಿಸ್ತನ ಪುನರುತ್ಥಾನವನ್ನು ಕುರಿತ ಪಾಠ

ಓದತಕ್ಕ ವೇದಭಾಗಗಳು: ಮಾರ್ಕ 16:1–8, ಯೋಹಾನ 20ನೆಯ ಅಧ್ಯಾಯ, 1 ಕೊರಿಂಥ 15ನೆಯ ಅಧ್ಯಾಯ.



ಪುನರುತ್ಥಾನದ ಹಬ್ಬವು ಪ್ರತಿವರುಷ ಮಾರ್ಚ್ 22ಕ್ಕೂ ಎಪ್ರಿಲ್ 25ಕ್ಕೂ ನಡುವೆ ಒಂದು ಆದಿತ್ಯವಾರದಲ್ಲಿ ಬರುತ್ತದೆ. ಆ ದಿನಗಳಲ್ಲಿ ರೋಣ, ನರಗುಂದ, ಗಜೇಂದ್ರಗಡಗಳ ಸೀಮೆ ಹೇಗಿರುತ್ತದೆಂಬದನ್ನು ನೀವು ಬಲ್ಲಿರಿ. ಜೋಳ ಕಡಲೆಗಳ ರಾಶಿ ಮುಗಿದಿರುತ್ತದೆ; ಕಣವು ಬರಿದಾಗಿರುತ್ತದೆ; ಎರೆಹೊಲವು ಬಿಸಿಲಿಗೆ ಬಿರುಕು ಬಿಟ್ಟಿರುತ್ತದೆ. ಐರೋಪ್ಯ ದೇಶಗಳಲ್ಲಿ ಅದೇ ಹೊತ್ತಿಗೆ ಚಳಿ ಹೋಗಿ ಗಿಡಗಳು ಚಿಗುರುವದರಿಂದ ಅಲ್ಲಿಯವರು ಈ ಹಬ್ಬವನ್ನು ಚಿಗುರಿಗೆ ಹೋಲಿಸುತ್ತಾರೆ. ನಮ್ಮ ಹೊಲಗಳಿಗೆ ಆ ಹೋಲಿಕೆ ಒಗ್ಗದು. ಆದರೆ ಅಪೊಸ್ತಲನಾದ ಪೌಲನು ಚಿಗುರಿನ ಮಾತನ್ನೇ ಎತ್ತಲಿಲ್ಲ. ಅವನು ಬಿತ್ತಿದ ಕಾಳನ್ನೂ ಸುಗ್ಗಿಯ ಪ್ರಥಮಫಲವನ್ನೂ ಕುರಿತು ಬರೆದನು. ಆದಕಾರಣ ಈ ಪಾಠವನ್ನು ತಿಳುಕೊಳ್ಳುವದಕ್ಕೆ ಎರೆಸೀಮೆಯ ರೈತನಿಗೆ ಬೇರೆ ದೇಶದ ಕಣ್ಣು ಬೇಕಾಗಿಲ್ಲ.

ಈ ಪಾಠವನ್ನು ಬರೆಯುವದಕ್ಕೆ ಒಂದು ಕಾರಣವುಂಟು. 2021ರ ಬೇಸಿಗೆಯಲ್ಲಿ ಕೋವಿಡ್ ರೋಗವು ಮನೆಮನೆಗೆ ಹೊಕ್ಕಾಗ, ನಮ್ಮ ಸಭೆಗಳವರಲ್ಲಿ ಹಲವರು ತಮ್ಮವರ ಮುಖವನ್ನು ಕಾಣದೆ ಮಣ್ಣು ಮಾಡಬೇಕಾಯಿತು. ಮಗನನ್ನು ಹೀಗೆ ಕಳಕೊಂಡ ಒಬ್ಬ ವೃದ್ಧೆಯನ್ನು ಸಂತೈಸುವದಕ್ಕೆ ನಾವು ಹೋದೆವು. ಅವಳು, “ಅಯ್ಯನವರ, ನನ್ನ ಮಗನ ಮೈಮ್ಯಾಲೆ ಒಂದು ತಂಬಿಗಿ ನೀರ ಸೈತ ಹಾಕಲಿಲ್ಲ” ಎಂದಳು. ಅವನ ಆತ್ಮವು ಕರ್ತನ ಬಳಿಯಲ್ಲಿ ಸುಖವಾಗಿದೆ ಎಂದು ನಾವು ಹೇಳಿದೆವು. ಅವಳು ತುಸು ಹೊತ್ತು ಸುಮ್ಮನಿದ್ದು, “ಆತ್ಮದ ಮಾತು ಖರೆ ಐತ್ರಿ. ಆದ್ರ ನಾ ಹಡದದ್ದು, ನೀರ ಎರದು ಬೆಳಿಸಿದ್ದು ಆ ಮೈಯನ್ನ ಅಲ್ಲೇನ್ರಿ?” ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ. ಪ್ರಾರ್ಥನೆ ಮಾಡಿ ಎದ್ದು ಬಂದೆವು. ಅಂದು ಕೊಡತಕ್ಕದ್ದಾಗಿದ್ದ ಉತ್ತರವನ್ನು ಈಗ ವೇದದಲ್ಲಿ ಹುಡುಕೋಣ.

1. ನಡೆದ ಸಂಗತಿ

ಯೇಸುವು ಶಿಲುಬೆಯ ಮೇಲೆ ಪ್ರಾಣ ಬಿಟ್ಟದ್ದು ಸಬ್ಬತ್ತಿನ ಹಿಂದಿನ ದಿನ. ಸೂರ್ಯಾಸ್ತವಾದರೆ ಸಬ್ಬತ್ತು ತೊಡಗುವದರಿಂದ ಅರಿಮಥಾಯದ ಯೋಸೇಫನು ಅವಸರವಾಗಿ ಆತನ ದೇಹವನ್ನು ಸಮಾಧಿಯಲ್ಲಿಟ್ಟನು. ಗಲಿಲಾಯದಿಂದ ಆತನ ಹಿಂದೆ ಬಂದ ಹೆಂಗಸರಿಗೆ ತಮ್ಮ ಕೈಯಾರೆ ಕಡೆಯ ಸೇವೆ ಮಾಡುವದಕ್ಕೆ ಆಗಲಿಲ್ಲ. ಆದುದರಿಂದ ಸಬ್ಬತ್ತು ಕಳೆದ ಮೇಲೆ ಸುಗಂಧದ್ರವ್ಯಗಳನ್ನು ಕೊಂಡು, ಮುಂಜಾನೆಯೇ ಸಮಾಧಿಗೆ ಹೊರಟರು. ಅವರು ಪುನರುತ್ಥಾನವನ್ನು ಎದುರುನೋಡುತ್ತಾ ಹೋದವರಲ್ಲ. ಸತ್ತವನ ಮೈಗೆ ಉಪಚಾರ ಮಾಡಬೇಕೆಂದು ಹೋದವರು. ಬಾಗಿಲಿನ ಕಲ್ಲನ್ನು ಉರುಳಿಸುವವರು ಯಾರೆಂಬದೇ ಅವರ ಚಿಂತೆಯಾಗಿತ್ತು. ಆ ವೃದ್ಧೆಯ ನೋವನ್ನು ಅವಳಿಗಿಂತ ಮುಂಚೆ ಪಟ್ಟವರು ಇವರೇ. ಸಮಾಧಿಯು ಬರಿದಾಗಿದೆ ಎಂಬ ಸುದ್ದಿಯು ಮೊದಲು ಮುಟ್ಟಿದ್ದೂ ಇವರಿಗೇ.

ಆ ಕಾಲದ ಯೆಹೂದ್ಯರಲ್ಲಿ ಹೆಂಗಸರ ಸಾಕ್ಷಿಗೆ ನ್ಯಾಯಸ್ಥಾನದಲ್ಲಿ ಸಾಮಾನ್ಯವಾಗಿ ಮನ್ನಣೆಯಿರಲಿಲ್ಲ. ಯಾರಾದರೂ ಕಥೆ ಕಟ್ಟಿದ್ದರೆ ಹೆಂಗಸರನ್ನು ಮೊದಲನೆಯ ಸಾಕ್ಷಿಗಳಾಗಿ ನಿಲ್ಲಿಸುತ್ತಿರಲಿಲ್ಲ. ಆದರೂ ನಾಲ್ಕು ಸುವಾರ್ತೆಗಳೂ ಮಗ್ದಲದ ಮರಿಯಳ ಹೆಸರನ್ನು ಮುಂದಿಡುತ್ತವೆ. ನಡೆದದ್ದು ಹಾಗೆ, ಬರೆದದ್ದೂ ಹಾಗೆ.

ಪೌಲನು ಕೊರಿಂಥದವರಿಗೆ ಈ ಪತ್ರಿಕೆಯನ್ನು ಬರೆದದ್ದು ಸುಮಾರು ಕ್ರಿ. ಶ. 55ರಲ್ಲಿ, ಅಂದರೆ ಶಿಲುಬೆಯ ದಿನದಿಂದ ಸುಮಾರು 25 ವರುಷಗಳಾದ ಮೇಲೆ. ಐನೂರಕ್ಕೆ ಹೆಚ್ಚು ಮಂದಿ ಸಹೋದರರು ಒಂದೇ ಸಮಯದಲ್ಲಿ ಕರ್ತನನ್ನು ಕಂಡರೆಂದೂ ಅವರಲ್ಲಿ ಹೆಚ್ಚಿನವರು ಇನ್ನೂ ಬದುಕಿದ್ದಾರೆಂದೂ ಅವನು ತಿಳಿಸುತ್ತಾನೆ. ಇದರ ಬಲವನ್ನು ಒಂದು ದೃಷ್ಟಾಂತದಿಂದ ನೋಡಿರಿ. 1980ನೆಯ ಇಸವಿ ಜುಲೈ 21ರಂದು ನರಗುಂದದಲ್ಲಿ ರೈತರ ಮೇಲೆ ಗೋಲೀಬಾರಾಯಿತು. ಅಂದಿನಿಂದ 40 ವರುಷಗಳು ದಾಟಿದವು. ಆದರೂ ಅದನ್ನು ಕಣ್ಣಾರೆ ಕಂಡವರು ನಮ್ಮ ನಡುವೆ ಇದ್ದಾರೆ. ಯಾವನಾದರೂ ಆ ದಿನದ ವಿಷಯದಲ್ಲಿ ಇಲ್ಲದ್ದನ್ನು ಹೇಳಿದರೆ, ಕಟ್ಟೆಯ ಮೇಲೆ ಕೂತ ಹಿರಿಯರು ಹಾಗಲ್ಲ, ಹೀಗೆ ಎಂದು ತಿದ್ದುವರು. 25 ವರುಷಗಳ ಹಿಂದಿನ ಸಂಗತಿಗೆ ಪೌಲನು ಕರೆದ ಸಾಕ್ಷಿಗಳೂ ಹಾಗೆಯೇ ಕೇಳುವವರ ಕೈಗೆ ಸಿಕ್ಕುವವರಾಗಿದ್ದರು.

2. ಹಗೇವಿನ ಕಾಳು, ಬಿತ್ತಿದ ಕಾಳು

ಯೇಸುವು ಲಾಜರನನ್ನೂ ಯಾಯಿರನ ಮಗಳನ್ನೂ ನಾಯಿನೆಂಬ ಊರಿನ ವಿಧವೆಯ ಮಗನನ್ನೂ ಜೀವದಿಂದ ಎಬ್ಬಿಸಿದನಲ್ಲಾ. ಹಾಗಾದರೆ ಆತನ ಪುನರುತ್ಥಾನದಲ್ಲಿ ಹೆಚ್ಚಿನದೇನು ಎಂದು ಕೆಲವರು ಕೇಳುವದುಂಟು.

ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲದೊಳಗೆ ಕುಣಿ ತೋಡಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಬೇಕಾದಾಗ ತೆಗೆದರೆ ಅದೇ ಕಾಳು ಹೊರಗೆ ಬರುತ್ತಿತ್ತು. ಅದು ತುಸು ಮುಗ್ಗಿರಬಹುದು, ಆದರೆ ಹೊಸದಾಗಿರುವದಿಲ್ಲ. ಲಾಜರನು ಹಗೇವಿನಿಂದ ತೆಗೆದ ಕಾಳಿನಂತೆ ಬಂದನು. ಹಿಂದಿನ ಜೀವಕ್ಕೇ ತಿರುಗಿದನು. ಕಾಲ ಬಂದಾಗ ತಿರಿಗಿ ಸತ್ತನು. ಕ್ರಿಸ್ತನು ಹಾಗಲ್ಲ. ರೋಮಾಪುರದವರಿಗೆ ಬರೆದ ಪತ್ರಿಕೆಯ 6ನೆಯ ಅಧ್ಯಾಯದಲ್ಲಿ ಪೌಲನು ಕಲಿಸುವಂತೆ, ಆತನ ಮೇಲೆ ಮರಣಕ್ಕೆ ಇನ್ನು ಅಧಿಕಾರವಿಲ್ಲ.

ಆತನು ಬಿತ್ತಿದ ಕಾಳಿನಂತೆ ಎದ್ದನು. ಹಿಂಗಾರಿ ಜೋಳವನ್ನು ಬಿತ್ತುವವರಿಗೆ ಇದು ತಿಳಿದ ಮಾತು. ಕೂರಿಗೆಯಿಂದ ಸಾಲಿಗೆ ಇಳಿದ ಕಾಳು ಒಂದೇ. ಮಣ್ಣಿನೊಳಗೆ ಅದು ಒಡೆದು ಅಳಿಯುತ್ತದೆ. ಮೇಲಕ್ಕೆ ಬರುವದು ಬೇರೆ ರೂಪ: ಆಳೆತ್ತರದ ದಂಟು, ಅದರ ತುದಿಯಲ್ಲಿ ತೆನೆ. ಆದರೂ ಜೋಳ ಬಿತ್ತಿದಲ್ಲಿ ಜೋಳವೇ ಬಂತಲ್ಲದೆ ಮತ್ತೊಂದು ಬರಲಿಲ್ಲ. ಕರ್ತನ ದೇಹವೂ ಹಾಗೆಯೇ. ಅದು ಆತನ ದೇಹವೇ ಆಗಿತ್ತು. ತೋಮನು ಮೊಳೆಗಳ ಗಾಯವನ್ನು ಅದರಲ್ಲಿಯೇ ಕಂಡನು. ಶಿಷ್ಯರ ಕಣ್ಣೆದುರಿಗೆ ಆತನು ಮೀನನ್ನು ತಿಂದನು. ಆದರೆ ಅದು ಹೊಸದೂ ಆಗಿತ್ತು. ಬಾಗಿಲು ಮುಚ್ಚಿದ್ದರೂ ಆತನು ಒಳಗೆ ಬಂದು ನಿಂತನು. ತನ್ನ ಹೆಸರು ಹಿಡಿದು ಕರೆಯುವ ವರೆಗೆ ಮರಿಯಳು ಆತನನ್ನು ತೋಟಗಾರನೆಂದೇ ನೆನಸಿದಳು.

ಇಲ್ಲಿ ಇನ್ನೊಂದು ಮಾತನ್ನು ಗಮನಿಸಬೇಕು. ಎದ್ದ ಮೇಲೆಯೂ ಗಾಯಗಳು ಅಳಿದುಹೋಗಲಿಲ್ಲ. ಆ ಮೈಯಲ್ಲಿ ಪಟ್ಟ ಕಷ್ಟವನ್ನು ಆತನು ಮರೆಮಾಡಲಿಲ್ಲ. ಅದನ್ನೇ ತೋರಿಸಿ ತನ್ನವರಿಗೆ ಧೈರ್ಯ ಹೇಳಿದನು.

3. ಪ್ರಥಮಫಲ

ಡಿಸೆಂಬರ್, ಜನವರಿಗಳಲ್ಲಿ ಜೋಳದ ತೆನೆ ಹಾಲುತುಂಬಿದಾಗ ನಮ್ಮವರು ಹೊಲಕ್ಕೆ ಹೋಗಿ, ಎಳೆಯ ತೆನೆಗಳನ್ನು ಸುಟ್ಟು, ತಿಕ್ಕಿ, ಸೀತನಿ ತಿನ್ನುತ್ತಾರೆ. ಒಂದು ಹಿಡಿ ಸೀತನಿಯು ಮನೆಯವರ ಹೊಟ್ಟೆಗೆ ಸಾಲದು. ಆದರೂ ಅದು ಬಾಯಿಗೆ ಬಿದ್ದಾಗ ಒಕ್ಕಲಿಗನ ಮನಸ್ಸು ನೆಮ್ಮದಿಯಾಗುತ್ತದೆ. ಯಾಕಂದರೆ ಅದು ಈ ಹೊಲದ್ದೇ ತೆನೆ. ಒಂದು ಬಲಿತರೆ ಮಿಕ್ಕವೂ ಬಲಿಯುವ ಕಾಲ ಬಂದಿದೆ ಎಂದು ಅವನು ತಿಳಿಯುತ್ತಾನೆ.

ಯಾಜಕಕಾಂಡದ 23ನೆಯ ಅಧ್ಯಾಯದ ಪ್ರಕಾರ ಇಸ್ರಾಯೇಲ್ಯರು ಸುಗ್ಗಿಯ ಮೊದಲನೆಯ ಸಿವುಡನ್ನು ಸಬ್ಬತ್ತಿನ ಮರುದಿನ ಯಾಜಕನ ಕೈಗೆ ತರುತ್ತಿದ್ದರು. ಅವನು ಅದನ್ನು ದೇವರ ಮುಂದೆ ಎತ್ತಿ ಆಡಿಸುತ್ತಿದ್ದನು. ಆ ಒಂದು ಸಿವುಡು ಇಡೀ ಪೈರಿಗೆ ಪ್ರತಿನಿಧಿಯಾಗಿತ್ತು. ನಮ್ಮ ಕರ್ತನು ಎದ್ದದ್ದೂ ಸಬ್ಬತ್ತಿನ ಮರುದಿನದಲ್ಲಿಯೇ. ಆದುದರಿಂದ ಪೌಲನು ಆತನನ್ನು ನಿದ್ರೆಹೋದವರಲ್ಲಿ ಪ್ರಥಮಫಲವೆಂದು ಕರೆದನು. ಯಾರೋ ಒಬ್ಬ ಮಹಾಪುರುಷನಿಗೆ ಒಂದು ಸಾರಿ ಆದ ಅದ್ಭುತವೆಂದು ಇದನ್ನು ಎಣಿಸಬಾರದು. ಒಂದೇ ಹೊಲ, ಒಂದೇ ಬಿತ್ತನೆ, ಒಂದೇ ಸುಗ್ಗಿ. ಆತನು ಮೊದಲನೆಯ ತೆನೆ, ಆತನವರು ಮಿಕ್ಕ ಪೈರು.

ಪಾಪಕ್ಷಮೆಯ ನಿಶ್ಚಯವೂ ಇದರಿಂದಲೇ. ಕ್ರಿಸ್ತನು ಏಳದಿದ್ದರೆ ನಾವು ಇನ್ನೂ ನಮ್ಮ ಪಾಪಗಳಲ್ಲಿಯೇ ಇದ್ದೇವೆಂದು ಅಪೊಸ್ತಲನು ಎಚ್ಚರಿಸುತ್ತಾನೆ. ಅದು ಹೇಗೆ? ನಮ್ಮ ಸಾಲಕ್ಕಾಗಿ ಒಬ್ಬನು ಜಾಮೀನಾಗಿ ಸೆರೆಗೆ ಹೋದನೆಂದು ತಿಳಿಯಿರಿ. ಅವನು ಒಳಗೆ ಇರುವ ತನಕ ಸಾಲ ತೀರಿತೋ ಇಲ್ಲವೋ ನಾವು ಅರಿಯೆವು. ಒಂದು ಮುಂಜಾನೆ ಅವನು ಬಾಗಿಲು ತೆರೆದು ಹೊರಗೆ ಬಂದನೆಂದರೆ, ಸಾಲದ ಪತ್ರವು ಹರಿದುಹೋಯಿತೆಂಬದು ಊರಿಗೇ ತಿಳಿಯಿತು. ಶಿಲುಬೆಯಲ್ಲಿ ಕರ್ತನು ನಮ್ಮ ಸಾಲವನ್ನು ಸಲ್ಲಿಸಿದನು. ಪುನರುತ್ಥಾನದಲ್ಲಿ ಆ ಸಲ್ಲಿಕೆಗೆ ದೇವರ ಒಪ್ಪಿಗೆ ದೊರೆಯಿತು.

4. ನಮ್ಮ ನಡತೆಗೆ ಇದರ ಬೋಧೆ

ಕೊರಿಂಥದಲ್ಲಿ ಕೆಲವರು ಆತ್ಮವೊಂದೇ ದೊಡ್ಡದು, ದೇಹವು ಕಳಚಿ ಎಸೆಯುವ ಹಳೇ ಅಂಗಿ ಎಂದು ಎಣಿಸಿದ್ದರು. ನಾವೂ ಆ ವೃದ್ಧೆಯ ಮುಂದೆ ಹೆಚ್ಚುಕಡಿಮೆ ಅದನ್ನೇ ಹೇಳಿ ಬಂದೆವು. ಆತ್ಮವು ಕರ್ತನ ಬಳಿಯಲ್ಲಿರುವದು ಸತ್ಯವೇ. ಆದರೆ ಸುವಾರ್ತೆಯ ಮಾತು ಅಲ್ಲಿಗೆ ಮುಗಿಯುವದಿಲ್ಲ. ದೇವರು ದೇಹವನ್ನು ಎಬ್ಬಿಸುವವನು. ಇದನ್ನು ನಂಬುವವರ ನಡತೆಯು ಹೇಗಿರತಕ್ಕದ್ದು?

ಮೊದಲನೆಯದು, ಸತ್ತವರ ವಿಷಯ. ಅಳುವದು ಪಾಪವಲ್ಲ, ಲಾಜರನ ಸಮಾಧಿಯ ಬಳಿಯಲ್ಲಿ ಕರ್ತನೇ ಅತ್ತನು. ನಿರೀಕ್ಷೆಯಿಲ್ಲದವರಂತೆ ಅಳಬಾರದು, ಅಷ್ಟೇ. ಸ್ಮಶಾನಕ್ಕೆ ಹೆದರಿ ಲಿಂಬೆಹಣ್ಣು, ತಾಯಿತಿಗಳನ್ನು ಕಟ್ಟುವದು ನಮಗೆ ಸಲ್ಲದು. ಬಿತ್ತಿದ ಹೊಲಕ್ಕೆ ಯಾವ ರೈತನು ಹೆದರುತ್ತಾನೆ? ಸತ್ತವನ ಹೆಸರಿನಲ್ಲಿ ಊರಿಗೆ ಊಟ ಹಾಕುವದಕ್ಕಾಗಿ ಸಾಲ ಮಾಡಿ, ಬದುಕಿದ ಮಕ್ಕಳನ್ನು ಜೀತಕ್ಕೆ ತಳ್ಳುವದೂ ಸಲ್ಲದು.

ಎರಡನೆಯದು, ಬದುಕಿರುವವರ ದೇಹ. ನಮ್ಮ ಹಿರಿಯರಲ್ಲಿ ಅನೇಕರು ಊರಬಾವಿಯ ಹತ್ತಿರ ಸುಳಿಯಬಾರದವರಾಗಿದ್ದರು. ಅವರ ನೆರಳೂ ಮೈಲಿಗೆ ಎನಿಸಿಕೊಂಡಿತ್ತು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 17ನೆಯ ವಿಧಿಯು ಅಸ್ಪೃಶ್ಯತೆಯನ್ನು ರದ್ದು ಮಾಡಿತು. ಅದಕ್ಕಿಂತ ಬಹು ಮುಂಚೆ ಬರಿದಾದ ಸಮಾಧಿಯು ಅದಕ್ಕೆ ಉತ್ತರ ಕೊಟ್ಟಿತ್ತು. ದೇವರು ಮಹಿಮೆಗೆ ಎಬ್ಬಿಸಬೇಕೆಂದಿರುವ ಮೈಯನ್ನು ಮುಟ್ಟಲಾರೆನೆನ್ನುವದಕ್ಕೆ ಮನುಷ್ಯನು ಯಾರು? ಆದರೆ ಇದನ್ನು ಹೊರಗಿನವರಿಗೆ ಹೇಳುವ ಮುಂಚೆ ನಮ್ಮನ್ನು ನಾವೇ ಕೇಳಿಕೊಳ್ಳೋಣ. ಕರ್ತನ ಭೋಜನದಲ್ಲಿ ಒಂದೇ ಪಾತ್ರೆಯಿಂದ ಕುಡಿದವರು, ಮದುವೆಯ ಮಾತು ಬಂದಾಗ ಮೂಲಕುಲವನ್ನು ಕೇಳುವದುಂಟೋ? ಶವಕ್ಕೆ ಹೆಗಲು ಕೊಡುವಾಗ ಯಾರ ಮನೆಯದೆಂದು ನೋಡುವದುಂಟೋ? ಉಂಟಾದರೆ ಪಶ್ಚಾತ್ತಾಪಪಡೋಣ.

ಮೂರನೆಯದು, ವಿಧವೆಯರ ವಿಷಯ. ಗಂಡನು ಸತ್ತವಳ ಬಳೆ ಒಡೆದು, ಶುಭಕಾರ್ಯದಲ್ಲಿ ಅವಳನ್ನು ಹಿಂದೆ ನಿಲ್ಲಿಸುವ ರೂಢಿಯು ಕೆಲವು ಕ್ರೈಸ್ತ ಮನೆಗಳಲ್ಲಿಯೂ ಉಳಿದಿದೆ. ಲೋಕದ ಅತಿ ಶುಭವಾದ ವಾರ್ತೆಯನ್ನು ದೇವರು ಮೊದಲು ಕೊಟ್ಟದ್ದು ದುಃಖದಿಂದ ಸಮಾಧಿಗೆ ಬಂದ ಹೆಂಗಸರ ಬಾಯಿಗೆ ಎಂಬದನ್ನು ಆ ಮನೆಯವರು ನೆನಸಲಿ.

ನಾಲ್ಕನೆಯದು, ನಮ್ಮ ದುಡಿಮೆ. ಬಾಸೆಲ್ ಮಿಶನಿನವರು 1837ರಲ್ಲಿ ಧಾರವಾಡದಲ್ಲಿಯೂ 1839ರಲ್ಲಿ ಹುಬ್ಬಳ್ಳಿಯಲ್ಲಿಯೂ 1841ರಲ್ಲಿ ಬೆಟಗೇರಿಯಲ್ಲಿಯೂ ನೆಲೆಸಿದರು. 1876ರಿಂದ 1878ರ ವರೆಗೆ ಧಾತು, ಈಶ್ವರ ಸಂವತ್ಸರಗಳ ಬರವು ಈ ಸೀಮೆಯನ್ನು ಹಿಂಡಿದಾಗ ಅವರು ಅನಾಥ ಮಕ್ಕಳನ್ನು ಸಾಕಿದರು. ಮುಂದೆ ಬೆಟಗೇರಿಯಲ್ಲಿ ಆಸ್ಪತ್ರೆಯನ್ನು ನಡಿಸಿದರು. ಆತ್ಮವೊಂದೇ ಸಾಕೆಂದಿದ್ದರೆ ಹುಣ್ಣಿಗೆ ಪಟ್ಟಿ ಕಟ್ಟುವದೇಕೆ, ಹಸಿದವರಿಗೆ ಗಂಜಿ ಕಾಯಿಸುವದೇಕೆ? ಪೌಲನು ಆ ದೊಡ್ಡ ಅಧ್ಯಾಯವನ್ನು ಮುಗಿಸುವದು ಸ್ವರ್ಗದ ವರ್ಣನೆಯಿಂದಲ್ಲ. ಕರ್ತನಲ್ಲಿ ಪಡುವ ಪ್ರಯಾಸವು ವ್ಯರ್ಥವಲ್ಲವೆಂಬ ಮಾತಿನಿಂದ. ಮಗ್ಗದ ಮುಂದೆ ಕೂತವನ ಬೆನ್ನುನೋವು, ಕಳೆ ಕೀಳುವವಳ ಬಿರಿದ ಅಂಗಾಲು, ಹಾಸಿಗೆ ಹಿಡಿದ ಅತ್ತೆಗೆ ನೀರೆರೆಯುವ ಸೊಸೆಯ ಕೈ, ಇವುಗಳಲ್ಲಿ ಒಂದನ್ನೂ ದೇವರು ಮರೆಯುವದಿಲ್ಲ.

ಈಗ ಆ ತಾಯಿಗೆ ನಾವು ಹೀಗೆ ಹೇಳುವೆವು: ಅಮ್ಮಾ, ನೀನು ಕೇಳಿದ್ದು ಸರಿಯಾಗಿತ್ತು. ನೀನು ಹಡೆದ ಮೈಯನ್ನು ದೇವರೂ ಪ್ರೀತಿಸುತ್ತಾನೆ. ಸುಗಂಧದ್ರವ್ಯ ಹಿಡಿದು ಹೋದ ಆ ಹೆಂಗಸರ ಸೇವೆಯೂ ಉಳಿದೇ ಹೋಯಿತು. ಆದರೆ ಅದರಿಂದ ಪುನರುತ್ಥಾನವು ತಡೆಯಲಿಲ್ಲ. ನೀನು ಹಾಕಲಾರದೆ ಹೋದ ಒಂದು ತಂಬಿಗೆ ನೀರಿನ ಸಲುವಾಗಿ ನಿನ್ನ ಮಗನಿಗೆ ಏನೂ ಕೊರತೆಯಾಗದು. ಅವನನ್ನು ಇಟ್ಟ ಸಾಲು ನಿನಗೆ ಗೊತ್ತಿಲ್ಲದಿದ್ದರೂ, ಬಿತ್ತಿದಾತನಿಗೆ ಗೊತ್ತಿದೆ. ಮೊದಲನೆಯ ತೆನೆಯು ಆಗಲೇ ಬಲಿತಿದೆ.

ಮನೆಯಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು

1. ಹೆಂಗಸರು ಸಮಾಧಿಗೆ ಹೋದದ್ದು ಯಾತಕ್ಕೆ? ಅವರ ಸಾಕ್ಷಿಯು ಯಾಕೆ ನಂಬತಕ್ಕದ್ದು?
2. ಲಾಜರನು ಎದ್ದದ್ದಕ್ಕೂ ಕ್ರಿಸ್ತನು ಎದ್ದದ್ದಕ್ಕೂ ಇರುವ ಭೇದವೇನು?
3. ಪ್ರಥಮಫಲವೆಂಬ ಮಾತನ್ನು ಸೀತನಿಯ ದೃಷ್ಟಾಂತದಿಂದ ನಿಮ್ಮ ಮಕ್ಕಳಿಗೆ ತಿಳಿಸಿರಿ.
4. ದೇಹದ ಪುನರುತ್ಥಾನವನ್ನು ನಂಬುವ ನಮ್ಮ ಸಭೆಯಲ್ಲಿ ಯಾವ ರೂಢಿಗಳು ಬಿಟ್ಟುಹೋಗಬೇಕು?

ಪ್ರಾರ್ಥನೆ

ಜೀವದ ಒಡೆಯನಾದ ಕರ್ತನೇ, ಗಾಯದ ಗುರುತುಗಳುಳ್ಳ ಮೈಯಿಂದಲೇ ಎದ್ದು ನಿಂತವನೇ, ನಮ್ಮವರ ಸಮಾಧಿಗಳ ಮುಂದೆ ನಮಗೆ ಧೈರ್ಯವನ್ನೂ, ಬದುಕಿರುವ ನೆರೆಯವರ ಮುಂದೆ ಪ್ರೀತಿಯನ್ನೂ ಅನುಗ್ರಹಿಸು. ನಿನ್ನ ಸುಗ್ಗಿಯ ದಿನದಲ್ಲಿ ನಮ್ಮನ್ನೂ ಅವರನ್ನೂ ಒಂದೇ ಕಣಕ್ಕೆ ಕೂಡಿಸು. ಆಮೆನ್.